ಸಭಾಪಾಲಕನ ಜೋಳಿಗೆಯಲ್ಲಿ ಸರ್ವಜ್ಞ

ಪಾಸ್ಟರ್ ಎಂಬ ಮಾತಿಗೆ ಕನ್ನಡ ಕ್ರೈಸ್ತರು ಹಿಂದಿನಿಂದಲೂ ಬಳಸುವ ಪದ ಸಭಾಪಾಲಕ. ಲ್ಯಾಟಿನ್ನಿನಲ್ಲಿ ಪಾಸ್ಟರ್ ಎಂದರೆ ದನಕುರಿ ಮೇಯಿಸುವವನು. ಮಂದೆಯನ್ನು ಕಾಯುವವನು, ತಪ್ಪಿಸಿಕೊಂಡದ್ದನ್ನು ಹುಡುಕಿ ತರುವವನು, ಮೇವು ನೀರು ಎಲ್ಲಿದೆ ಎಂದು ಬಲ್ಲವನು. ನಮ್ಮ ನ್ಯಾಮತಿ ತಾಲೂಕಿನಲ್ಲಿ ಈ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ನೆಲವೆಂದು ಬಂಜಾರರು ನಂಬುತ್ತಾರೆ. ಅವರ ಬಾಯಲ್ಲಿ ಅದು ಭಾಯಗಢ. ಸೇವಾಲಾಲರು ದನ ಕಾಯ್ದವರು. ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ತಿರುಗುತ್ತಿದ್ದ ಜನಕ್ಕೆ ದಾರಿ ತೋರಿದವರು. ಪ್ರತಿವರ್ಷ ಫೆಬ್ರುವರಿ 15ರ ಜಯಂತಿಗೆ ಮಾಲೆ ಹಾಕಿಕೊಂಡವರು ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಿಂದೆಲ್ಲ ಇಲ್ಲಿಗೆ ನಡೆದು ಬರುತ್ತಾರೆ. ದನ ಕಾಯುವವನೇ ಗುರುವಾಗುವುದು, ಗುರುವಾದವನು ಹಾಡಿನಲ್ಲಿ ಉಳಿಯುವುದು ಈ ಸೀಮೆಗೆ ಹೊಸದಲ್ಲ.

ಆ ಜಯಂತಿ ಮುಗಿದ ಐದನೆಯ ದಿನಕ್ಕೆ ಸರ್ಕಾರದ ಪಟ್ಟಿಯಲ್ಲಿ ಇನ್ನೊಂದು ಜಯಂತಿ ಬರುತ್ತದೆ. ಫೆಬ್ರುವರಿ 20, ಸರ್ವಜ್ಞನದು. ಸರ್ವಜ್ಞನೂ ನಮಗೆ ದೂರದವನಲ್ಲ. ಶಿಕಾರಿಪುರ ದಾಟಿದರೆ ಮಾಸೂರು, ಇನ್ನಷ್ಟು ಮುಂದೆ ಹೋದರೆ ಅಬಲೂರು. ಅವನು ಯಾವ ಊರಿನವನು ಎಂಬ ಚರ್ಚೆ ಈ ಎರಡು ಹೆಸರುಗಳ ಸುತ್ತಲೇ ಸುತ್ತುತ್ತದೆ. ಸರ್ವಜ್ಞನ ಜಯಂತಿಯಲ್ಲಿ ಭಾಷಣ ಇರುತ್ತದೆ, ಶಾಲೆಯ ಮಕ್ಕಳು ಮೂರು ಸಾಲಿನ ವಚನಗಳನ್ನು ಕಂಠಪಾಠ ಒಪ್ಪಿಸುತ್ತಾರೆ. ಆದರೆ ಆ ವಚನಗಳು ಅಷ್ಟು ಸಂಖ್ಯೆಯಲ್ಲಿ, ಒಂದು ಪುಸ್ತಕವಾಗಿ ನಮ್ಮ ಕೈಗೆ ಬಂದದ್ದು ಒಬ್ಬ ಕ್ರೈಸ್ತ ಸಭಾಪಾಲಕರಿಂದ ಎಂಬ ಮಾತು ವೇದಿಕೆಯ ಮೇಲೆ ಬರುವುದು ಅಪರೂಪ. ಅವರು ರೆವರೆಂಡ್ ಉತ್ತಂಗಿ ಚನ್ನಪ್ಪ. ಈ ಬರಹ ಅವರ ನೆನಪಿಗೆ.

ಚನ್ನಪ್ಪನವರು ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ತಂದೆ ದಾನಿಯೇಲಪ್ಪ, ತಾಯಿ ಸುಭಕ್ತವ್ವ. ಮನೆತನದ ಊರು ಹೂವಿನಹಡಗಲಿ ತಾಲೂಕಿನ ಉತ್ತಂಗಿ. ನಮ್ಮ ಹೊನ್ನಾಳಿಯನ್ನು ಬಳಸಿ ಹೋಗುವ ತುಂಗಭದ್ರೆ ಹರಿಹರ ದಾಟಿ, ಮೈಲಾರದ ಹತ್ತಿರ ಹಾಯುವ ಸೀಮೆ ಅದು. ಈ ಹೆಸರುಗಳನ್ನು ಒಂದು ಸಲ ಬಾಯಿಬಿಟ್ಟು ಓದಿಕೊಳ್ಳಬೇಕು. ದಾನಿಯೇಲ ಬೈಬಲ್ಲಿನ ಪ್ರವಾದಿ. ಅವನಿಗೆ ಧಾರವಾಡದ ಜನ ಒಂದು 'ಅಪ್ಪ' ಸೇರಿಸಿ ತಮ್ಮವನನ್ನಾಗಿ ಮಾಡಿಕೊಂಡರು. ಆ ದಾನಿಯೇಲಪ್ಪನ ಮಗ ಮತ್ತೆ ಚನ್ನಪ್ಪನಾದ. ಮನೆತನದ ಮೂಲ ಲಿಂಗವಂತರದು. ಧರ್ಮ ಬದಲಾಗಿತ್ತು, ಊರಿನ ಹೆಸರು ಹೋಗಲಿಲ್ಲ, ಅಪ್ಪ ಅವ್ವ ಹೋಗಲಿಲ್ಲ, ಮಾತು ಹೋಗಲಿಲ್ಲ. ಚನ್ನಪ್ಪನವರ ಬದುಕಿನ ದೊಡ್ಡ ಪ್ರಶ್ನೆ ಹೆಸರಿನಲ್ಲೇ ಇತ್ತು ಎಂದು ನನಗೆ ಅನ್ನಿಸುತ್ತದೆ. ದೇವರನ್ನು ಬದಲಿಸಿದವನು ತನ್ನ ನುಡಿಯ ಹಿರಿಯರನ್ನೂ ಬಿಟ್ಟುಕೊಡಬೇಕೆ?

ಈ ಪ್ರಶ್ನೆ ಎಲ್ಲಿಂದ ಬಂತು ಎಂದು ತಿಳಿಯಲು ಬಾಸೆಲ್ ಮಿಷನ್ನಿನ ಕಥೆಯನ್ನು ಸ್ವಲ್ಪ ನೋಡಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಶುರುವಾದ ಈ ಸಂಸ್ಥೆಯ ಮೊದಲ ಮೂವರು, ಹೆಬಿಕ್, ಲೇನರ್, ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಧರ್ಮಪ್ರಚಾರಕ್ಕೆ ಬಂದವರಿಗೆ ಭಾಷೆ ಬೇಕಾಯಿತು. ಭಾಷೆ ಕಲಿಯಲು ಕೂತವರಲ್ಲಿ ಕೆಲವರು ಭಾಷೆಗೇ ಒಲಿದುಬಿಟ್ಟರು. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟರು. ಬಸವಪುರಾಣ, ದಾಸರ ಪದಗಳಂಥ ಹಳೆಯ ಸಾಹಿತ್ಯವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಫರ್ಡಿನೆಂಡ್ ಕಿಟೆಲ್ 1872ರಲ್ಲಿ ಕೇಶಿರಾಜನ 'ಶಬ್ದಮಣಿದರ್ಪಣ', 1875ರಲ್ಲಿ ನಾಗವರ್ಮನ 'ಛಂದೋಂಬುಧಿ', 1894ರಲ್ಲಿ ಆ ಮಹಾ ನಿಘಂಟನ್ನು ಹೊರತಂದರು.

ಇವರ ಹೆಸರು ಎಲ್ಲರಿಗೂ ಗೊತ್ತು. ಗಮನಿಸಬೇಕಾದ ಸಂಗತಿ ಬೇರೆ ಇದೆ. ಕಿಟೆಲ್ಲರಿಗೆ ತಮ್ಮ ಮಿಷನ್ನಿನೊಳಗೆ ಸುಖವೇನೂ ಇರಲಿಲ್ಲ. ಆತ್ಮಗಳನ್ನು ಗೆಲ್ಲುವ ಕೆಲಸ ಬಿಟ್ಟು ಓಲೆಗರಿ ಓದುತ್ತ ಕೂತಿದ್ದಾನೆ ಎಂಬುದು ಜೊತೆಯವರ ದೂರು. ಕ್ರಿಸ್ತನ ಬದುಕನ್ನು ಕನ್ನಡದ ಛಂದಸ್ಸುಗಳಲ್ಲಿ ಹೇಳುವ 'ಕಥಾಮಾಲೆ'ಯನ್ನು ಅವರು 1862ರಷ್ಟು ಹಿಂದೆಯೇ ಬರೆದಿದ್ದರು. ಅಂದರೆ ಕನ್ನಡದ ಬಟ್ಟಲಿನಲ್ಲಿ ಕ್ರೈಸ್ತಧರ್ಮವನ್ನು ಕೊಡುವ ಆಸೆ ಅವರಿಗೂ ಇತ್ತು. ಆದರೆ ಕಿಟೆಲ್ ಹೊರಗಿನಿಂದ ಬಂದವರು. ಕನ್ನಡ ಅವರಿಗೆ ಒಲವು. ಚನ್ನಪ್ಪನವರಿಗೆ ಅದು ಅವ್ವನ ಮಾತು. ಹೊರಗಿನಿಂದ ಬಂದು ಪ್ರೀತಿಸಿದವರನ್ನು ನಾವು ಕೊಂಡಾಡಿದ್ದೇವೆ, ಬೆಂಗಳೂರಿನಲ್ಲಿ ಕಿಟೆಲ್ ಪ್ರತಿಮೆ ನಿಲ್ಲಿಸಿದ್ದೇವೆ. ಒಳಗೇ ಇದ್ದು, ಒಳಗಿನವನೆಂದು ಸಾಬೀತು ಮಾಡಬೇಕಾಗಿ ಬಂದವನ ಕಷ್ಟ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಧಾರವಾಡದಲ್ಲಿ ಬಾಸೆಲ್ ಮಿಷನ್ನಿನ ಶಾಲೆ, ಆಮೇಲೆ ಮಂಗಳೂರಿನಲ್ಲಿ ದೈವಜ್ಞಾನ ಶಾಲೆಯ ಓದು. ಅದು ಮುಗಿಸಿ ಚನ್ನಪ್ಪನವರು ಹುಬ್ಬಳ್ಳಿ, ಗದಗ ಬೆಟಗೇರಿ, ಹಡಗಲಿ ಸೀಮೆಯಲ್ಲಿ ಮಿಷನ್ನಿನ ಕೆಲಸಕ್ಕೆ ನಿಂತರು. ಅವರು ಬೆಳೆದ ಧಾರವಾಡ ಎಂಥದೆಂದು ನೆನಪಿಸಿಕೊಳ್ಳಬೇಕು. ಕರ್ನಾಟಕ ವಿದ್ಯಾವರ್ಧಕ ಸಂಘ 1890ರಲ್ಲಿ ಹುಟ್ಟಿದ ಊರು ಅದು. ಮರಾಠಿಯ ನೆರಳಿನಲ್ಲಿ ಮಂಕಾಗಿದ್ದ ಕನ್ನಡ ಆಗತಾನೇ ಎದ್ದು ಕೂಡುತ್ತಿತ್ತು. ಆಲೂರ ವೆಂಕಟರಾಯರು ಚನ್ನಪ್ಪನವರಿಗಿಂತ ಒಂದು ವರ್ಷ ದೊಡ್ಡವರು. ಅವರ 'ಕರ್ನಾಟಕ ಗತವೈಭವ' ಬಂದದ್ದು 1917ರಲ್ಲಿ. ಫ.ಗು. ಹಳಕಟ್ಟಿಯವರೂ ಒಂದು ವರ್ಷ ದೊಡ್ಡವರು, ಅವರೂ ಧಾರವಾಡದಲ್ಲೇ ಹುಟ್ಟಿದವರು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬಂತು. ಚನ್ನಪ್ಪನವರ 'ಸರ್ವಜ್ಞನ ವಚನಗಳು' ಬಂದದ್ದು 1924ರಲ್ಲಿ. ಒಂದೇ ಊರಿನಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರು, ಒಬ್ಬ ವಕೀಲ, ಒಬ್ಬ ಸಭಾಪಾಲಕ, ಒಂದು ವರ್ಷದ ಅಂತರದಲ್ಲಿ ಕನ್ನಡಕ್ಕೆ ಎರಡು ಕಣಜಗಳನ್ನು ತೆರೆದರು. ಒಬ್ಬರನ್ನು ವಚನ ಪಿತಾಮಹ ಎಂದು ಕರೆದೆವು. ಇನ್ನೊಬ್ಬರಿಗೆ 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ಬಂತು.

ತಿರುಕ ಎಂಬುದು ಬೈಗುಳವಲ್ಲ. ಸರ್ವಜ್ಞನೇ ಕಪ್ಪರ ಹಿಡಿದು ತಿರಿದುಂಡವನು. ಅವನ ಮಾತುಗಳನ್ನು ಸೇರಿಸಬೇಕೆಂದರೆ ಅವನ ಹಾಗೆಯೇ ತಿರುಗಬೇಕು, ಮನೆಮನೆಯ ಬಾಗಿಲಿಗೆ ಹೋಗಿ ಬೇಡಬೇಕು. ಇದರಲ್ಲಿ ಇದ್ದ ತೊಡಕನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳುವುದು ಕಷ್ಟ. ಪಂಪನಿಗೋ ರನ್ನನಿಗೋ ಒಂದು ಕಾವ್ಯವಿದೆ, ಅದಕ್ಕೆ ಆದಿ ಅಂತ್ಯಗಳಿವೆ, ನಾಲ್ಕಾರು ಓಲೆಪ್ರತಿ ಇಟ್ಟುಕೊಂಡು ಪಾಠ ನಿರ್ಣಯಿಸಬಹುದು. ಸರ್ವಜ್ಞನಿಗೆ ಅಂಥ ಗ್ರಂಥವೇ ಇಲ್ಲ. ಇರುವುದು ಬಿಡಿಬಿಡಿ ತ್ರಿಪದಿಗಳು. ಕೆಲವು ಓಲೆಗರಿಯಲ್ಲಿ, ಕೆಲವು ಯಾರದೋ ಮನೆಯ ಕಡತದಲ್ಲಿ, ಬಹಳಷ್ಟು ಜನರ ನಾಲಿಗೆಯ ಮೇಲೆ. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ಹಾಡುವ ಮಟ್ಟೂ ತ್ರಿಪದಿಯೇ ಆದ್ದರಿಂದ, ಹೊಸದಾಗಿ ಒಂದು ಕಟ್ಟುವುದು ಯಾರಿಗೂ ಕಷ್ಟವಲ್ಲ. ಕಟ್ಟಿ ಕೊನೆಗೆ 'ಸರ್ವಜ್ಞ' ಎಂದು ಅಂಟಿಸಿದರೆ ಆಯಿತು, ಅವನದೇ ಆಗಿಬಿಡುತ್ತದೆ. ಜಾತಿಯನ್ನು ಬೈದವರು ಅವನ ಹೆಸರಿನಲ್ಲಿ ಬೈದಿದ್ದಾರೆ, ಜಾತಿಯನ್ನು ಎತ್ತಿಹಿಡಿದವರೂ ಅವನ ಹೆಸರಿನಲ್ಲೇ ಎತ್ತಿಹಿಡಿದಿದ್ದಾರೆ. ಹೆಣ್ಣನ್ನು ಹೊಗಳಿದ್ದೂ ಹಳಿದದ್ದೂ ಅವನ ಲೆಕ್ಕಕ್ಕೇ.

ಹೀಗೆ ಹರಡಿ ಬಿದ್ದದ್ದನ್ನು ಚನ್ನಪ್ಪನವರು ವರ್ಷಗಟ್ಟಲೆ ಕೂಡಿಸಿದರು. ಕೈಬರಹದ ಪ್ರತಿಗಳನ್ನು ಹುಡುಕಿದರು, ಜನರ ಬಾಯಿಂದ ಕೇಳಿ ಬರೆದುಕೊಂಡರು, ಒಂದನ್ನೊಂದು ತಾಳೆ ನೋಡಿದರು, ವಿಷಯಕ್ಕೆ ತಕ್ಕಂತೆ ವಿಂಗಡಿಸಿದರು. ಎರಡು ಸಾವಿರದ ಆಸುಪಾಸಿನ ವಚನಗಳು ಒಂದು ಗ್ರಂಥದೊಳಗೆ ಬಂದವು. ಆಮೇಲೆ ಎಲ್. ಬಸವರಾಜು ಅವರಂಥ ವಿದ್ವಾಂಸರು ಸರ್ವಜ್ಞನನ್ನು ಮತ್ತೆ ಸಂಪಾದಿಸಿದರು, ಪ್ರಕ್ಷೇಪಗಳ ಚರ್ಚೆ ಮುಂದುವರಿಯಿತು. ಆದರೆ ಚರ್ಚಿಸಲು ಕೈಯಲ್ಲಿ ಒಂದು ರಾಶಿ ಇರಬೇಕಲ್ಲ, ಆ ರಾಶಿ ಹಾಕಿದವರು ಇವರು.

ಒಂದು ಸಲ ತರಗತಿಯಲ್ಲಿ ಸರ್ವಜ್ಞನ ಪಾಠ ಮುಗಿಸಿ ಈ ವಿಷಯ ಹೇಳಿದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗ ಎದ್ದು, "ಅವರಿಗ್ಯಾಕ್ ಬೇಕಾಗಿತ್ತು ಸರ್ ಇದೆಲ್ಲ? ಅವರ ಧರ್ಮದ್ದಲ್ಲವಲ್ಲ" ಎಂದ. ಕೊಂಕು ಇರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ. ಈ ಪ್ರಶ್ನೆಯನ್ನು ಚನ್ನಪ್ಪನವರಿಗೆ ಎರಡೂ ಕಡೆಯವರು ಕೇಳಿರಬಹುದು. ಮಿಷನ್ನಿನವರು, ನಿನಗೇಕೆ ಇದು ಎಂದು. ಊರಿನವರು, ನಿನಗೇನು ಹಕ್ಕು ಎಂದು. ಹುಡುಗನಿಗೆ ನಾನು ಹೇಳಿದ ಉತ್ತರ ಸರಳವಾದದ್ದು. ಸರ್ವಜ್ಞ ಯಾರ ಧರ್ಮದವನು ಎಂದು ಮೊದಲು ಹೇಳು, ಆಮೇಲೆ ಮುಂದಿನದು. ಅವನನ್ನು ಎಲ್ಲರೂ ತಮ್ಮವನೆನ್ನುತ್ತಾರೆ. ತಿರುಕನಿಗೆ ಎಲ್ಲರ ಮನೆಯ ಅನ್ನವೂ ಆಗುತ್ತದೆ.

ಇಷ್ಟಕ್ಕೂ ಸರ್ವಜ್ಞನ ಮಹತ್ವ ಪಾದ್ರಿಗಳ ಕಣ್ಣಿಗೆ ಬಿದ್ದದ್ದು ಇದೇ ಮೊದಲಲ್ಲ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯಲ್ಲಿದ್ದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ತನ್ನ ಪ್ರಸಿದ್ಧ ಗ್ರಂಥದಲ್ಲಿ ವೇಮನ, ತಿರುವಳ್ಳುವರ್ ಜೊತೆಗೆ ಸರ್ವಜ್ಞನ ಹೆಸರನ್ನೂ ಎತ್ತಿದ್ದ. ಆದರೆ ಹೆಸರು ಎತ್ತುವುದು ಬೇರೆ, ಜೋಳಿಗೆ ಹಿಡಿದು ಹೊರಡುವುದು ಬೇರೆ.

ಚನ್ನಪ್ಪನವರನ್ನು 'ಎಲ್ಲ ಧರ್ಮವೂ ಒಂದೇ' ಎಂದು ಹೇಳಿ ಸುಮ್ಮನಾದ ಸಜ್ಜನರನ್ನಾಗಿ ಮಾಡಿಬಿಡುವುದು ಸುಲಭ. ಹಾಗೆ ಮಾಡಿದರೆ ಅವರಿಗೆ ಅನ್ಯಾಯವಾಗುತ್ತದೆ. ಅವರು ಕ್ರಿಸ್ತನನ್ನು ನಂಬಿದವರು. ಆ ನಂಬಿಕೆಯನ್ನು ಬೇರೆಯವರಿಗೂ ಮುಟ್ಟಿಸಬೇಕೆಂದು ದುಡಿದವರು. 1921ರಲ್ಲಿ ಅವರು ಬರೆದ ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಆ ಹೆಸರಿನ ಒಂದೊಂದು ಪದವೂ ತೂಕದ್ದು. ಬೆತ್ಲೆಹೇಮು ಬನಾರಸಕ್ಕೆ ಅಪ್ಪಣೆ ಕೊಡುತ್ತಿಲ್ಲ, ಸವಾಲು ಹಾಕುತ್ತಿಲ್ಲ, ವಿನಂತಿ ಮಾಡಿಕೊಳ್ಳುತ್ತಿದೆ. ಹಿಂದಿನ ನೂರು ವರ್ಷದ ಮಿಷನರಿ ಕರಪತ್ರಗಳಲ್ಲಿ ಹಿಂದೂ ದೇವರುಗಳನ್ನು ಹಳಿಯುವ ಧಾಟಿ ಸಾಮಾನ್ಯವಾಗಿತ್ತು. ಅದಕ್ಕೆ ಉತ್ತರವಾಗಿ ಈ ಕಡೆಯಿಂದಲೂ ಖಂಡನೆಗಳು ಬಂದಿದ್ದವು. ಚನ್ನಪ್ಪನವರು ಆ ಧಾಟಿಯನ್ನೇ ಕೈಬಿಟ್ಟರು.

ಅವರ ವಾದದ ಸಾರ ಇಷ್ಟು. ಕ್ರಿಸ್ತನನ್ನು ಒಪ್ಪಲು ಹಿಂದೂವಾದವನು ತನ್ನ ಸಮಾಜದಿಂದ, ತನ್ನ ಸಂಸ್ಕೃತಿಯಿಂದ ಹೊರಗೆ ಬರಬೇಕಾಗಿಲ್ಲ. ಯೆಹೂದ್ಯರಿಗೆ ಹಳೆಯ ಒಡಂಬಡಿಕೆ ಹೇಗೋ ಹಾಗೆ ಈ ನೆಲದ ಋಷಿಗಳ, ಶರಣರ, ಸಂತರ ಮಾತು ಇಲ್ಲಿಯ ಕ್ರೈಸ್ತನಿಗೆ ಪೂರ್ವದ ಆಸ್ತಿ. ಅದನ್ನು ಸುಟ್ಟು ಬರಬೇಕಾಗಿಲ್ಲ, ಹೊತ್ತು ತರಬೇಕು. ಇದು ಮಿಷನ್ನಿನ ಒಳಗೆ ಹಲವರಿಗೆ ಇರಿಸುಮುರಿಸು ಉಂಟುಮಾಡಿತು. ಹಳೆಯ ಒಡಂಬಡಿಕೆಯ ಜಾಗದಲ್ಲಿ ವಚನವನ್ನೋ ಉಪನಿಷತ್ತನ್ನೋ ಇಡುವುದೆಂದರೆ ಅವರಿಗೆ ಬುಡವನ್ನೇ ಅಲುಗಿಸಿದಂತೆ. ಇತ್ತ ಹಿಂದೂ ಓದುಗರಲ್ಲಿ ಕೆಲವರಿಗೆ, ಇದು ಇನ್ನೂ ಜಾಣತನದ ಮತಪ್ರಚಾರ ಎಂಬ ಸಂಶಯ ಬರುವುದು ಸಹಜವೇ. ಎರಡೂ ಕಡೆಯ ಸಂಶಯದ ನಡುವೆ ಅವರು 'ಹಿಂದೂ ಸಮಾಜ ಹಿತಚಿಂತಕ' ಎಂಬ ಇನ್ನೊಂದು ಪುಸ್ತಕ ಬರೆದರು. ತಾನು ಹೊರಗಿನವನಲ್ಲ, ಈ ಸಮಾಜದ ಒಳಿತು ಕೆಡುಕಿನಲ್ಲಿ ತನಗೂ ಪಾಲಿದೆ ಎಂಬ ನಿಲುವನ್ನು ಅವರು ಬಿಡಲಿಲ್ಲ.

ಕಾಲವೂ ಅವರಿಗೆ ಈ ಧೈರ್ಯ ಕೊಟ್ಟಿರಬೇಕು. ಚನ್ನಪ್ಪನವರು ಸೈನಿಕರಲ್ಲ, ಆದರೆ ಯುದ್ಧದ ಬಿಸಿ ಅವರ ಸಭೆಗಳಿಗೂ ತಟ್ಟಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನರು ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುದೇಶದವರಾದರು. ಅವರನ್ನು ಹಿಡಿದು ಅಹ್ಮದನಗರದಂಥ ಶಿಬಿರಗಳಲ್ಲಿ ಇಟ್ಟರು, ಆಮೇಲೆ ಊರಿಗೆ ಕಳಿಸಿದರು. ಮಿಷನ್ನಿನ ಹಂಚು, ನೇಯ್ಗೆಯ ಕಾರ್ಖಾನೆಗಳು ಕೈಬದಲಾಗಿ 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಎಂಬತ್ತು ವರ್ಷ ತಲೆಯ ಮೇಲಿದ್ದ ಚಪ್ಪರ ಒಂದೇ ಸಲ ಕಿತ್ತುಹೋದಂತೆ ಆಯಿತು. ದೀಕ್ಷಾಸ್ನಾನ, ಮದುವೆ, ಮಣ್ಣು, ಶಾಲೆ, ಬಡವರ ಅಕ್ಕಿ ಜೋಳ, ಎಲ್ಲ ಹೊಣೆಯೂ ದೇಶೀ ಸಭಾಪಾಲಕರ ಹೆಗಲಿಗೆ ಬಂತು. ಸಂಬಳ ಮಾತ್ರ ಯುರೋಪಿಯನ್ ಮಿಷನರಿಗಳ ಸಂಬಳದ ಹತ್ತಿರಕ್ಕೂ ಬರುವಂಥದಲ್ಲ. ಬಿಳಿಯ ದೊರೆಗಳಿಲ್ಲದೆಯೂ ಸಭೆ ನಡೆಯುತ್ತದೆ ಎಂದು ಕಂಡ ಆ ವರ್ಷಗಳ ಬೆನ್ನಿಗೇ 1921ರ 'ವಿನಂತಿ' ಬಂದಿದೆ. ಸಭೆಯನ್ನು ನಡೆಸಬಲ್ಲವನು ಸಭೆಯ ವಿಚಾರವನ್ನೂ ತಾನೇ ಯೋಚಿಸಬಲ್ಲ ಎಂಬುದು ಅಲ್ಲಿಂದ ಬಂದ ಪಾಠ ಎಂದು ನಾನು ಓದಿಕೊಳ್ಳುತ್ತೇನೆ.

ಕುಟುಂಬದ ಮಾತನ್ನೂ ಇಲ್ಲಿ ಆಡಬೇಕು. ಸಭಾಪಾಲಕನ ಮನೆ ಅವನೊಬ್ಬನದಲ್ಲ. ಬಾಗಿಲು ಸದಾ ತೆರೆದಿರಬೇಕು, ಬಂದವರಿಗೆ ರೊಟ್ಟಿ ಇರಬೇಕು, ವರ್ಗವಾದಾಗ ಪಾತ್ರೆ ಪಡಗ ಕಟ್ಟಿಕೊಂಡು ಹೊರಡಬೇಕು. ಯಜಮಾನ ಹಳ್ಳಿಗಳ ಮೇಲೆ ಹೋದಾಗ ಮನೆ ನಡೆಸುವವಳು ಹೆಂಡತಿ. ಅಂಥ ಮನೆಯ ಸಣ್ಣ ಆದಾಯದಲ್ಲಿ ಎರಡು ಸಾವಿರ ವಚನ ಹುಡುಕಿ, ಬರೆದು, ಅಚ್ಚು ಹಾಕಿಸುವ ಕೆಲಸ ಸಾಗಿದೆಯೆಂದರೆ ಅದು ಒಬ್ಬರ ವಿದ್ವತ್ತಿನಿಂದ ಮಾತ್ರ ಆಗುವುದಿಲ್ಲ, ಇಡೀ ಮನೆ ಅದರ ಭಾರ ಹೊರಬೇಕಾಗುತ್ತದೆ.

ಚನ್ನಪ್ಪನವರು ಬರೆದ ಚರಿತ್ರೆಗಳಲ್ಲಿ ನಾರಾಯಣ ವಾಮನ ತಿಳಕರದೂ ಒಂದು ಎಂಬುದು ಈ ದೃಷ್ಟಿಯಿಂದ ಮುಖ್ಯ. ತಿಳಕರು ಮರಾಠಿಯ ಕವಿ, ಚಿತ್ಪಾವನ ಬ್ರಾಹ್ಮಣ ಮನೆತನದವರು. 1895ರಲ್ಲಿ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿ ವರ್ಷಗಟ್ಟಲೆ ಅವರಿಂದ ದೂರ ಉಳಿದರು, ಮಡಿಯ ಒಲೆ ಬೇರೆ ಹೂಡಿದರು, ಆಮೇಲೆ ತಮ್ಮದೇ ದಾರಿಯಲ್ಲಿ ನಡೆದು ಕ್ರೈಸ್ತರಾದರು. ಅವರ 'ಸ್ಮೃತಿಚಿತ್ರೆ' ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲಿ ಒಂದು. ಮತಾಂತರದ ಬೆಲೆಯನ್ನು ಅಡುಗೆಮನೆಯ ಒಳಗಿನಿಂದ ಹೇಳುವ ಪುಸ್ತಕ ಅದು. ನಗುತ್ತ ನಗುತ್ತ ಹೇಳುತ್ತದೆ, ಓದುವವನ ಗಂಟಲು ಕಟ್ಟುತ್ತದೆ. ತಿಳಕರು ಕ್ರಿಸ್ತನನ್ನು ವಾರಕರಿಗಳ ಅಭಂಗದಲ್ಲಿ ಹಾಡಿದರು. ತುಕಾರಾಮನ ಸೇತುವೆಯ ಮೇಲೆ ನಡೆದು ಕ್ರಿಸ್ತನ ಬಳಿಗೆ ಬಂದೆ ಎಂಬುದು ಅವರ ಭಾವ. ಧಾರವಾಡದ ಸಭಾಪಾಲಕನಿಗೆ ಇಂಥವರು ಏಕೆ ಬೇಕಾದರು ಎಂದು ಕೇಳಬೇಕಾಗಿಲ್ಲ. ಮರಾಠಿ ಸೀಮೆಯಲ್ಲಿ ತುಕಾರಾಮ ಮಾಡಿದ ಕೆಲಸವನ್ನು ಕನ್ನಡ ಸೀಮೆಯಲ್ಲಿ ಸರ್ವಜ್ಞ, ಶರಣರು ಮಾಡಬಲ್ಲರು ಎಂದು ಅವರಿಗೆ ಕಂಡಿರಬೇಕು.

ಶರಣರ ಕಡೆಗೆ ಅವರು ಹೊರಳಿದ್ದು ಬದುಕಿನ ಎರಡನೆಯ ಅರ್ಧದಲ್ಲಿ. ಸೊನ್ನಲಿಗೆಯ ಸಿದ್ಧರಾಮನ ಸಾಹಿತ್ಯವನ್ನು ಸಂಗ್ರಹಿಸಿದರು. ಸಂ.ಶಿ. ಭೂಸನೂರಮಠರ ಜೊತೆ ಸೇರಿ ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳನ್ನು ಸಂಪಾದಿಸಿದರು. ಆಯ್ಕೆಯನ್ನು ನೋಡಿ. ಸಿದ್ಧರಾಮ ಕೆರೆ ಕಟ್ಟಿಸಿದವನು, ಜನರ ನೀರಿನ ಚಿಂತೆಯನ್ನು ದೇವರ ಕೆಲಸವೆಂದು ತಿಳಿದವನು. ಮಾರಯ್ಯ ಅರಸುತನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿ ದಾಸೋಹ ನಡೆಸಿದವನೆಂದು ಕಥೆ. ಮಹಾದೇವಿ ಅವನ ಜೊತೆ ಬಂದವಳು ಮಾತ್ರವಲ್ಲ, ಬೇಕಾದಲ್ಲಿ ಅವನನ್ನು ತಿದ್ದಿದವಳು. ದುಡಿಮೆ, ಹಂಚಿಕೊಂಡು ಉಣ್ಣುವುದು, ಗಂಡಹೆಂಡಿರ ಕೂಡುಭಕ್ತಿ. ಒಬ್ಬ ಕುಟುಂಬಸ್ಥ ಸಭಾಪಾಲಕನ ಕಣ್ಣಿಗೆ ಈ ಶರಣರು ಬಿದ್ದದ್ದು ಆಕಸ್ಮಿಕ ಇರಲಾರದು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪ ನಿಜವಾಗಿಯೂ ಇತ್ತೇ, ಅಥವಾ ಅದು ಆಮೇಲಿನವರ ಕಲ್ಪನೆಯೇ ಎಂಬ ವಾದ ಎದ್ದಾಗ, ಇತ್ತು ಎಂದು ವಾದಿಸಲು ನಿಂತವರಲ್ಲಿ ಈ ಕ್ರೈಸ್ತ ಸಭಾಪಾಲಕರು ಮುಂದಿದ್ದರು. 'ಅನುಭವ ಮಂಟಪದ ಐತಿಹಾಸಿಕತೆ' ಎಂಬ ಪುಸ್ತಕ 1951ರಲ್ಲಿ ಬಂತು. ಅವರ ತೀರ್ಮಾನವನ್ನು ಇಂದಿನ ಸಂಶೋಧಕರು ಹಾಗೆಯೇ ಒಪ್ಪಬೇಕೆಂದಿಲ್ಲ. ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಆ ಪುಸ್ತಕ ಬರೆಯಲು ಬೇಕಾದ ಮನಸ್ಸನ್ನು ಯೋಚಿಸಬೇಕು. ಬೇರೆ ಬೇರೆ ಕಾಯಕದ ಗಂಡಸರು, ಹೆಂಗಸರು ಒಂದೆಡೆ ಕೂತು ದೇವರ ಮಾತಾಡಿದ ಸಭೆ ಒಂದು ಕಾಲದಲ್ಲಿ ಈ ನೆಲದಲ್ಲಿ ಇತ್ತು ಎಂಬುದು ಅವರಿಗೆ ಕೇವಲ ಇತಿಹಾಸದ ವಿಷಯವಾಗಿರಲಿಲ್ಲ. ಸಭೆ ನಡೆಸುವುದೇ ಅವರ ಕಾಯಕವಾಗಿತ್ತು. ತನ್ನ ಸಭೆಗೂ ಇಲ್ಲಿಯ ಮಣ್ಣಿನಲ್ಲಿ ಒಂದು ಪೂರ್ವಜ ಸಭೆ ಇದೆ ಎಂದು ಕಾಣಬಯಸಿದವನ ಪುಸ್ತಕ ಅದು.

ಸಾವಿನ ಬಗ್ಗೆ ಅವರು ಮಾಡಿದ ದೀರ್ಘ ಚಿಂತನೆಯ ಪುಸ್ತಕಕ್ಕೆ ಇಟ್ಟ ಹೆಸರು 'ಮೃತ್ಯುಂಜಯ'. ಆ ಪದ ಕೇಳಿದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಶಿವ. ಸಾವನ್ನು ಗೆದ್ದವನೆಂದು ಕ್ರೈಸ್ತನ ಮನಸ್ಸಿಗೆ ಬರುವುದು ಕ್ರಿಸ್ತ. ಒಂದೇ ಪದದಲ್ಲಿ ಎರಡನ್ನೂ ಕೇಳಬಲ್ಲ ಕಿವಿ ಅವರದು. ಆ ಕಿವಿ ಬಂದದ್ದು ದೈವಜ್ಞಾನ ಶಾಲೆಯಿಂದ ಅಲ್ಲ, ಕನ್ನಡದಿಂದ.

1949ರಲ್ಲಿ ಕಲಬುರಗಿಯಲ್ಲಿ ನಡೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚನ್ನಪ್ಪನವರು ಅಧ್ಯಕ್ಷರಾದರು. ಆ ವರ್ಷ, ಆ ಊರು, ಆ ವ್ಯಕ್ತಿ, ಮೂರನ್ನೂ ಕೂಡಿಸಿ ನೋಡಬೇಕು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರಿನಲ್ಲಿ. ರಜಾಕಾರರ ಹಾವಳಿ, ಆಮೇಲೆ ನಡೆದ ಪ್ರತೀಕಾರ, ಎರಡರ ಗಾಯವೂ ಹಸಿಯಾಗಿತ್ತು. ಕಲಬುರಗಿ ಶರಣಬಸವೇಶ್ವರರ ಊರು, ಖ್ವಾಜಾ ಬಂದೇನವಾಜರ ಊರು. ಹಿಂದೂ ಮುಸಲ್ಮಾನರ ನಡುವೆ ಮಾತು ಒಡೆದಿದ್ದ ಹೊತ್ತಿನಲ್ಲಿ ಕನ್ನಡದ ಸಭೆಯ ಮುಂದೆ ಕೂತವರು ಒಬ್ಬ ಕ್ರೈಸ್ತ ಸಭಾಪಾಲಕ. ಇದೇ ಊರಿನಲ್ಲಿ 1928ರಲ್ಲಿ ಬಿ.ಎಂ.ಶ್ರೀಯವರು ಅಧ್ಯಕ್ಷರಾಗಿದ್ದರು, ಆಗ ಅದು ನಿಜಾಮನ ಆಳ್ವಿಕೆ. ಇಪ್ಪತ್ತೊಂದು ವರ್ಷದ ಮೇಲೆ ಕನ್ನಡ ಮತ್ತೆ ಅಲ್ಲಿ ಕೂಡಿದಾಗ ತನ್ನ ಹಿರಿಯನೆಂದು ಆರಿಸಿಕೊಂಡದ್ದು ಸರ್ವಜ್ಞನನ್ನು ಕೂಡಿಸಿಕೊಟ್ಟವನನ್ನು. ಕನ್ನಡ ಯಾರದು ಎಂಬ ಪ್ರಶ್ನೆಗೆ ಆ ಆಯ್ಕೆಯಲ್ಲೇ ಒಂದು ಉತ್ತರ ಇತ್ತು.

ಅವರ ಬದುಕು ಹರಿದುಹೋದ ಊರುಗಳನ್ನು ನೋಡಿದರೂ ಇದೇ ತಿಳಿಯುತ್ತದೆ. ಹುಟ್ಟಿದ ಧಾರವಾಡ ಮುಂಬಯಿ ಪ್ರಾಂತ್ಯದ್ದು. ಹಿರಿಯರ ಉತ್ತಂಗಿ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯದು. ಮಾನ ಸಂದ ಕಲಬುರಗಿ ನಿಜಾಮನ ಸಂಸ್ಥಾನದಲ್ಲಿದ್ದದ್ದು. ಮೂರು ಸರ್ಕಾರ, ಮೂರು ಕಚೇರಿ ಭಾಷೆ, ಒಂದೇ ಕನ್ನಡ. ಬಳ್ಳಾರಿ 1953ರಲ್ಲಿ ಮೈಸೂರಿಗೆ ಬಂತು, ಉಳಿದವು 1956ರ ನವೆಂಬರ್ 1ರಂದು ಕೂಡಿದವು. ಚನ್ನಪ್ಪನವರು ಆಗ ಬದುಕಿದ್ದರು, ಎಪ್ಪತ್ತೈದರ ವಯಸ್ಸು. ನಕಾಶೆ ಕೂಡುವ ಮೂವತ್ತು ವರ್ಷ ಮೊದಲೇ ಅವರ ಸರ್ವಜ್ಞ ಈ ಎಲ್ಲ ಸೀಮೆಗಳ ಮನೆಗಳಿಗೆ ಹೋಗಿದ್ದ. 1962ರ ಆಗಸ್ಟ್ 28ರಂದು ಅವರು ತೀರಿಕೊಂಡರು.

2009ರ ಆಗಸ್ಟಿನಲ್ಲಿ ಬೆಂಗಳೂರಿನ ಹಲಸೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈನ ಅಯನಾವರದಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡವು. ಎರಡು ರಾಜ್ಯಗಳ ನಡುವಿನ ಜಗಳಕ್ಕೆ ಇಬ್ಬರು ಕವಿಗಳು ಮದ್ದಾದರು. ತಿರುಕನೊಬ್ಬ ಒಂದು ರಾಜ್ಯದ ಪ್ರತಿನಿಧಿಯಾಗಿ ನೆರೆಯೂರಿಗೆ ಹೋಗಿ ನಿಲ್ಲುವಷ್ಟು ದೊಡ್ಡವನಾದದ್ದರ ಹಿಂದೆ, ಅವನ ಮಾತುಗಳನ್ನು ಚೆದುರಿಹೋಗಲು ಬಿಡದೆ ಮಂದೆ ಕೂಡಿಸಿದ ಸಭಾಪಾಲಕನ ಶ್ರಮವಿದೆ.

ಯಾರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂಬುದು ಈಗ ನಮ್ಮ ಊರುಗಳಲ್ಲಿ, ತಾಂಡಾಗಳಲ್ಲಿ ಜಗಳದ ವಿಷಯವಾಗಿದೆ. ಒಂದು ಗುಂಪು, ಧರ್ಮ ಬಿಟ್ಟವನು ನಮ್ಮ ಹಾಡು, ಹಬ್ಬ, ಹಿರಿಯರನ್ನೆಲ್ಲ ಬಿಟ್ಟಂತೆ ಎನ್ನುತ್ತದೆ. ಇನ್ನೊಂದು ಗುಂಪು, ಹೌದು ಬಿಡಲೇಬೇಕು, ಅವೆಲ್ಲ ಹಳೆಯ ಕತ್ತಲು ಎನ್ನುತ್ತದೆ. ಕೇಳುವುದಕ್ಕೆ ಎರಡೂ ವಿರುದ್ಧ, ಆದರೆ ಇಬ್ಬರೂ ಒಪ್ಪಿರುವ ಮಾತು ಒಂದೇ. ದೇವರು ಬದಲಾದರೆ ನುಡಿಯ ನಂಟು ಕಡಿಯುತ್ತದೆ ಎಂಬುದು. ಉತ್ತಂಗಿ ಚನ್ನಪ್ಪನವರು ಇದನ್ನು ಒಪ್ಪಲಿಲ್ಲ. ಒಪ್ಪಲಿಲ್ಲ ಎಂದು ಬರಿದೆ ಹೇಳಲಿಲ್ಲ, ಎರಡು ಸಾವಿರ ತ್ರಿಪದಿಗಳನ್ನು ತಂದು ಎಲ್ಲರ ಮುಂದೆ ಸುರಿದರು.

ಸರ್ವಜ್ಞನನ್ನು ಓದುವ ವಿದ್ಯಾರ್ಥಿಗಳಿಗೆ ನನ್ನದೊಂದು ಸಣ್ಣ ಕೋರಿಕೆ. ವಚನ ಓದುವಾಗ ಸಂಪಾದಕರ ಹೆಸರನ್ನೂ ಓದಿ. ಕವಿಯ ಊರು ಯಾವುದು, ಕಾಲ ಯಾವುದು ಎಂಬ ಪರೀಕ್ಷೆಯ ಪ್ರಶ್ನೆಗಳಾಚೆ, ಈ ಮಾತು ಯಾರ ಕೈ ದಾಟಿ ನನ್ನ ಕೈಗೆ ಬಂತು ಎಂದು ಒಂದು ಸಲ ಕೇಳಿಕೊಳ್ಳಿ. ಆ ಕೈಗಳಲ್ಲಿ ಒಂದು, ಭಾನುವಾರ ಬೈಬಲ್ ಹಿಡಿಯುತ್ತಿದ್ದ ಕೈ. ಉಳಿದ ದಿನಗಳಲ್ಲಿ ಅದು ಸರ್ವಜ್ಞನ ಮಾತುಗಳನ್ನು ತಿರಿದು ತಂದಿತು.